ಕಡವಿಗೆ ಕಾರು ಇಳಿಸುವ ಮೊದಲು

ಬೆಂಗ್ಳೂರು, ಮಂಗ್ಳೂರು ಕಡೆಯಿಂದ ಕಯಾಕ್, ಗಾಳಿ ತುಂಬಿಸುವ ಬೋಟು ಎಲ್ಲ ಕಾರಿನ ಮೇಲೆ ಕಟ್ಕೊಂಡು ನಮ್ಮ ಕಾಸರಗೋಡಿಗೆ ಬರುವ ಕನ್ನಡದವರಿಗೇ ಇದನ್ನು ಬರೀತಾ ಇದ್ದೇನೆ. ಬನ್ನಿ, ಖಂಡಿತ ಬನ್ನಿ. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಒಂದೇ ಜಿಲ್ಲೆಯಲ್ಲಿ ಉಂಟು, ಚಂದ್ರಗಿರಿ, ತೇಜಸ್ವಿನಿ, ವಲಿಯಪರಂಬದ ಹಿನ್ನೀರು ಇದನ್ನೆಲ್ಲ ನೀರಿನ ಮೇಲಿಂದಲೇ ನೋಡ್ಬೇಕು. ಆದ್ರೆ ಕಡವಿನಲ್ಲಿ, ಅಂದ್ರೆ ದೋಣಿ ನೀರಿಗಿಳಿಸುವ ಜಾಗದಲ್ಲಿ, ಹೇಗೆ ನಡ್ಕೊಳ್ಬೇಕು ಅಂತ ನಮ್ಮವರಲ್ಲಿ ಸುಮಾರು ಜನಕ್ಕೆ ಇನ್ನೂ ಗೊತ್ತಾಗಿಲ್ಲ, ಅದ್ರಿಂದ ತೊಂದರೆ ಆಗುದು ಮೀನು ಹಿಡಿದು ಬದುಕುವವರಿಗೆ, ನನಗೆ ಬೇಜಾರು ಅದಕ್ಕೇ.

ಎಂತ ಆಗ್ತದೆ ಅಂದ್ರೆ, ನಮ್ಮ ಕಡವುಗಳಲ್ಲಿ ಇಳಿಜಾರು ಅಂತ ಇರುದು ಒಂದು ಪಿಕಪ್ ಹಿಡಿಸುವಷ್ಟು ಅಗಲ, ಕೆಲವು ಕಡೆ ಅದೂ ಇಲ್ಲ. ಕೆಎ ನಂಬರಿನ ಕಾರು ಸೀದಾ ನೀರಿನ ಅಂಚಿನವರೆಗೆ ಬಂದು ನಿಲ್ತದೆ, ಡಿಕ್ಕಿ ತೆಗೀತಾರೆ, ಆಮೇಲೆ ಪಂಪ್ ಹುಡುಕುದು, ಗಾಳಿ ತುಂಬಿಸುದು, ಮಕ್ಕಳ ಲೈಫ್ ಜಾಕೆಟ್ ಯಾವ ಬ್ಯಾಗಲ್ಲಿ ಉಂಟು ಅಂತ ನೋಡುದು, ತಿಂಡಿ ಡಬ್ಬಿ ಜೋಡಿಸುದು, ಮಧ್ಯದಲ್ಲಿ ಫೋಟೋ ಬೇರೆ. ಅಷ್ಟರಲ್ಲಿ ಮೀನಿನ ಫೈಬರ್ ದೋಣಿಯೊಂದು ಬಂದು ಇಂಜಿನ್ ಆಫ್ ಮಾಡಿ ಕಾಯ್ತಾ ಇರ್ತದೆ, ದೋಣಿಯ ಹೊಟ್ಟೆಯಲ್ಲಿ ಮೀನು, ಮೇಲೆ ಬಿಸಿಲು, ರಸ್ತೆಯಲ್ಲಿ ಐಸ್ ಹಾಕ್ಕೊಂಡು ನಿಂತ ಗಾಡಿಯವ ಹಾರ್ನ್ ಹೊಡೀತಾ ಇದ್ದಾನೆ. ಹೊರಗೆ ಹೋಗುವ ದೋಣಿಗಾದ್ರೆ ಇನ್ನೂ ಕಷ್ಟ, ಇಳಿತ ಜಾಸ್ತಿಯಾದ್ರೆ ಅಳಿವೆ ಬಾಯಲ್ಲಿ ಮರಳು ತಾಗ್ತದೆ, ಅರ್ಧ ಗಂಟೆ ತಡ ಆಯ್ತಂದ್ರೆ ಆ ದಿನದ ಕೆಲಸವೇ ಹಾಳು. ಆದ್ರೂ ನಮ್ಮ ದೋಣಿಯವರು ಬಾಯಿಬಿಟ್ಟು ಹೇಳುದಿಲ್ಲ, ಹೊರಗಿನಿಂದ ಬಂದವರು ಅಲ್ವಾ ಅಂತ ಸುಮ್ನಿರ್ತಾರೆ. ಅವರು ಸುಮ್ನಿದ್ದದ್ದನ್ನು ಒಪ್ಪಿಗೆ ಅಂತ ತಿಳ್ಕೊಳ್ಬೇಡಿ ಮಾರಾಯ್ರೆ.

ನನ್ನ ಮಗ ಅಮೆರಿಕದ ಮಿನ್ನೆಸೋಟದಲ್ಲಿರುದು, ಒಂದು ಬೇಸಿಗೆ ನಾನೂ ಮನೆಯವಳೂ ಅಲ್ಲಿದ್ದೆವು. ಹತ್ತು ಸಾವಿರ ಕೆರೆಗಳ ನಾಡು ಅಂತ ಹೆಸರು ಅದಕ್ಕೆ, ಲೆಕ್ಕ ಹಾಕಿದ್ರೆ ಅದಕ್ಕಿಂತ ಜಾಸ್ತಿಯೇ ಉಂಟು, ಸಾರ್ವಜನಿಕರು ದೋಣಿ ಇಳಿಸುವ ರ್‍ಯಾಂಪುಗಳೇ ಸಾವಿರದ ಮೇಲೆ. ಮೇ ತಿಂಗಳಲ್ಲಿ ಮೀನು ಹಿಡಿಯುವ ಸೀಸನ್ ಶುರುವಾಗುವ ಶನಿವಾರ ಒಂದೊಂದು ರ್‍ಯಾಂಪಿನ ಎದುರು ಟ್ರೇಲರ್‌ಗಳ ಸಾಲು ಸಾಲು. ಆದ್ರೆ ಗಲಾಟೆ ಇಲ್ಲ. ಯಾಕೆ ಅಂತ ನಾನು ನಿಂತು ನೋಡಿದೆ. ಅವರು ಎಲ್ಲ ಕೆಲಸವನ್ನೂ ರ್‍ಯಾಂಪಿನಿಂದ ದೂರ ಪಾರ್ಕಿಂಗ್ ಜಾಗದಲ್ಲೇ ಮುಗಿಸ್ತಾರೆ. ದೋಣಿಯ ಹಿಂದಿನ ಬೆಲ್ಟ್ ಬಿಚ್ಚುದು, ಡ್ರೈನ್ ಪ್ಲಗ್ (ದೋಣಿಯೊಳಗಿನ ನೀರು ಬಿಡುವ ತೂತಿನ ಬಿರಡೆ) ಹಾಕುದು, ಗಾಳ, ಐಸ್ ಪೆಟ್ಟಿಗೆ, ಲೈಫ್ ಜಾಕೆಟ್ ಒಳಗಿಡುದು, ಬ್ಯಾಟರಿ ಸರಿ ಉಂಟಾ ನೋಡುದು, ದಡಕ್ಕೆ ಕಟ್ಟುವ ಹಗ್ಗ ಮೊದಲೇ ಬಿಗಿದಿಡುದು. ದೋಣಿಯನ್ನು ಟ್ರೇಲರಿಗೆ ಹಿಡಿದಿಡುವ ಮುಂದಿನ ವಿಂಚಿನ ಕೊಕ್ಕೆ ಮಾತ್ರ ನೀರು ಮುಟ್ಟುವವರೆಗೆ ಬಿಚ್ಚುದಿಲ್ಲ, ಬಿಚ್ಚಿದ್ರೆ ದೋಣಿ ಕಾಂಕ್ರೀಟಿನ ಮೇಲೆ ಜಾರಿ ಬೀಳ್ತದೆ. ಇಷ್ಟೆಲ್ಲ ಆದ ಮೇಲೆ ಸಾಲಿಗೆ ಬಂದು ರಿವರ್ಸ್ ಹಾಕಿ ಇಳಿಸಿದ್ರೆ ಎರಡು ಮೂರು ನಿಮಿಷದಲ್ಲಿ ರ್‍ಯಾಂಪ್ ಖಾಲಿ. ಒಬ್ಬ ದೋಣಿಯನ್ನು ಜೆಟ್ಟಿಯ ಆ ತುದಿಗೆ ಒಯ್ತಾನೆ, ಇನ್ನೊಬ್ಬ ಗಾಡಿ ಪಾರ್ಕ್ ಮಾಡಿ ಬರ್ತಾನೆ. ವಾಪಸ್ ಬಂದಾಗಲೂ ಹಾಗೆಯೇ, ದೋಣಿಯನ್ನು ಎಳ್ಕೊಂಡು ಮೇಲೆ ಹೋಗಿ ಆಮೇಲೆ ಬೆಲ್ಟ್ ಕಟ್ಟುದು, ಚೀಲ ಇಳಿಸುದು. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಯವರು ಬೆನ್ನ ಹಿಂದೆ ನಿಂತಿರುವಾಗ ಉಂಡ ಎಲೆಯ ಎದುರು ಕೂತು ಮಾತಾಡಬಾರದು ಅಂತ ನಮಗೆ ಯಾರೂ ಹೇಳಿಕೊಡ್ಬೇಕಾ? ಅದೇ ಬುದ್ಧಿ, ಅವರು ನೀರಿನ ಅಂಚಿಗೂ ತಂದಿದ್ದಾರೆ.

ನನಗೆ ಭಾರೀ ಇಷ್ಟ ಆದದ್ದು ಇನ್ನೊಂದು. ಕತ್ತಲಲ್ಲಿ ರಿವರ್ಸ್ ಬರುವಾಗ ಹೆಡ್‌ಲೈಟ್ ಆಫ್ ಮಾಡಿ ಬರೀ ಪಾರ್ಕಿಂಗ್ ಲೈಟ್ ಇಟ್ಕೊಳ್ತಾರೆ, ಯಾಕಂದ್ರೆ ಗಾಡಿಯ ಮುಖ ಮೇಲಕ್ಕಿರ್ತದೆ, ಆ ಬೆಳಕು ರಿವರ್ಸ್ ಬರ್ತಾ ಇರುವ ಬೇರೆಯವರ ಕಣ್ಣಿಗೆ ಹೊಡೀತದೆ. ಎಷ್ಟು ಸಣ್ಣ ವಿಷಯ, ಎಷ್ಟು ದೊಡ್ಡ ಉಪಕಾರ. ಮತ್ತೆ ಇಂಜಿನ್ ಜೋರು ಕೊಟ್ಟು ದೋಣಿಯನ್ನು ಟ್ರೇಲರಿಗೆ ಹತ್ತಿಸಬೇಡಿ ಅಂತ ಬೋರ್ಡ್ ಇರ್ತದೆ, ಪ್ರೊಪೆಲರಿನ ನೀರಿನ ಹೊಡೆತಕ್ಕೆ ಕಾಂಕ್ರೀಟ್ ಮುಗಿಯುವಲ್ಲಿ ಗುಂಡಿ ಬೀಳ್ತದೆ, ಆ ಮಣ್ಣು ಸ್ವಲ್ಪ ಮುಂದೆ ಹೋಗಿ ದಿಬ್ಬ ಆಗ್ತದೆ, ನಾಳೆ ಬರುವವನ ಟ್ರೇಲರ್ ಚಕ್ರ ಗುಂಡಿಗೆ, ದೋಣಿಯ ತಳ ದಿಬ್ಬಕ್ಕೆ. ಅಂದ್ರೆ ಎದುರಿಗಿಲ್ಲದ ಮನುಷ್ಯನಿಗೂ ಮರ್ಯಾದೆ ಕೊಡುದು.

ಅದಕ್ಕಿಂತ ಮುಖ್ಯವಾದದ್ದು ದೋಣಿ ತೊಳೆಯುವ ಕ್ರಮ. ಅಲ್ಲಿ ಝೀಬ್ರಾ ಮಸಲ್ ಅಂತ ಒಂದು ಜಾತಿ ಚಿಪ್ಪು ಉಂಟು, ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಯದ್ದು, ಹಡಗಿನ ನೀರಿನ ಜೊತೆ ಬಂದು 1988ರಲ್ಲಿ ಗ್ರೇಟ್ ಲೇಕ್ಸ್‌ನಲ್ಲಿ ಕಂಡುಬಂತು, ಅದರ ಮರಿಗಳು ಕಣ್ಣಿಗೇ ಕಾಣುದಿಲ್ಲ, ದೋಣಿಯ ತಳದಲ್ಲಿ ಉಳಿದ ನೀರಿನಲ್ಲೇ ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗ್ತವೆ. ಅದಕ್ಕೇ ಮಿನ್ನೆಸೋಟದಲ್ಲಿ ಕೆರೆ ಬಿಟ್ಟು ಹೊರಡುವಾಗ ಪಾಚಿ ಗಿಡ ಕಿತ್ತು, ನೀರು ಖಾಲಿ ಮಾಡಿ, ಡ್ರೈನ್ ಪ್ಲಗ್ ತೆಗೆದೇ ರಸ್ತೆಗೆ ಬರ್ಬೇಕು ಅಂತ ಕಾನೂನೇ ಉಂಟು.

ಇದು ನಮಗೆಂತಕ್ಕೆ ಅಂತ ಕೇಳ್ಬೇಡಿ. ಪಡನ್ನ, ವಲಿಯಪರಂಬದ ಹಿನ್ನೀರಿನಲ್ಲಿ ಬಿದಿರಿನ ಚಪ್ಪರ ಹಾಕಿ ಹಗ್ಗ ಇಳಿಬಿಟ್ಟು ಪಚ್ಚಿಲೆ ಅನ್ನುವ ತಿನ್ನುವ ಚಿಪ್ಪು ಬೆಳೆಸ್ತಾರೆ, ಇಲ್ಲಿಯವರು ಕಲ್ಲುಮ್ಮಕ್ಕಾಯ ಅಂತಾರೆ. 1990ರ ದಶಕದಲ್ಲಿ ಕೇಂದ್ರದ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಸಿಎಂಎಫ್‌ಆರ್‌ಐಯವರು ತೋರಿಸಿಕೊಟ್ಟ ಕೃಷಿ, ಹೆಚ್ಚಿನ ಕಡೆ ಹೆಂಗಸರ ಸ್ವಸಹಾಯ ಗುಂಪುಗಳೇ ಮಾಡುದು. ಮಳೆಗಾಲ ಕಳೆದು ನೀರು ಉಪ್ಪಾದ ಮೇಲೆ ಹಗ್ಗಕ್ಕೆ ಬೀಜ, ಅಂದ್ರೆ ಮರಿ ಚಿಪ್ಪು, ಕಟ್ಟಿದ್ರೆ ಮುಂದಿನ ಮಳೆಗೆ ಮೊದಲು ಕೊಯ್ಲು. ಅದೇ ಹೊತ್ತಿಗೆ ಟೂರಿಸ್ಟ್ ಸೀಸನ್ ಕೂಡ. ತೆಂಕು ಕೇರಳದ ಅಷ್ಟಮುಡಿ ಹಿನ್ನೀರಿನಲ್ಲಿ ಅಮೆರಿಕ ಖಂಡದ ಮೂಲದ ಮೈಟೆಲ್ಲಾ ಸ್ಟ್ರಿಗೇಟಾ ಅನ್ನುವ ಚಿಪ್ಪು ಈಗಾಗಲೇ ಹಬ್ಬಿದೆ. ಅಲ್ಲಿ ಆಡಿಸಿದ ದೋಣಿಯನ್ನು ತೊಳೆಯದೆ ಒಣಗಿಸದೆ ಇಲ್ಲಿ ತಂದು ಇಳಿಸುದು ಅಂದ್ರೆ ಆ ಹೆಂಗಸರ ವರ್ಷದ ಬೆಳೆಯ ಜೊತೆ ಆಟ ಆಡಿದ ಹಾಗೆ. ಚಪ್ಪರದ ಹತ್ತಿರ ಇಂಜಿನ್ ಜೋರು ಬಿಡುದೂ ಬೇಡ, ಅಲೆ ಹೊಡೆದ್ರೆ ಕಟ್ಟಿದ ಬೀಜ ಉದುರ್ತದೆ.

ಹಾಗಂತ ಅಮೆರಿಕದವರದ್ದೇ ಸರಿ, ನಮ್ಮದು ಎಂತದೂ ಇಲ್ಲ ಅಂತ ನಾನು ಹೇಳುದಿಲ್ಲ. ಅಲ್ಲಿ ಸಹಾಯ ಬೇಕಾ ಅಂತ ಕೇಳಿ, ಬೇಕು ಅಂದ್ರೆ ಮಾತ್ರ ಕೈಹಾಕ್ತಾರೆ. ನಮ್ಮ ಕಡಲಕರೆಯಲ್ಲಿ ಕೇಳುವ ಕ್ರಮವೇ ಇಲ್ಲ. ಮರದ ತುಂಡು ಅಡ್ಡ ಇಟ್ಟು ದೋಣಿ ದೂಡ್ತಾ ಇದ್ರೆ ದಾರಿಯಲ್ಲಿ ಹೋಗುವವನೂ ಚಪ್ಪಲಿ ಬಿಟ್ಟು ಬಂದು ಐಲೇಸಾ ಅಂತ ಭುಜ ಕೊಡ್ತಾನೆ, ಮೀನು ಬಂದ ದಿನ ಅವನಿಗೂ ಒಂದು ಹೊತ್ತಿನ ಪದಾರ್ಥಕ್ಕಾಗುವಷ್ಟು ಮೀನು ಹೋಗ್ತದೆ. ಇದು ಯಾವ ಬೋರ್ಡಿನಲ್ಲೂ ಬರೆದದ್ದಲ್ಲ. ದೋಣಿ, ಬಲೆಯ ತಕರಾರು ಬಂದ್ರೆ ಕಾಸರಗೋಡಿನ ಕರಾವಳಿಯ ಮೀನುಗಾರರಲ್ಲಿ ಕಡಕ್ಕೋಡಿ ಅಂತ ಕಡಲ ಕೋರ್ಟೇ ಉಂಟು, ದೇವಸ್ಥಾನದ ಸ್ಥಾನಿಕರ ಎದುರು ಊರವರು ಕೂತು ತೀರ್ಮಾನ ಮಾಡುದು, ಪೊಲೀಸು ಸ್ಟೇಷನ್ನಿಗೆ ಹೋಗುದಿಲ್ಲ. ಇಷ್ಟು ಕಟ್ಟುನಿಟ್ಟು ಇರುವ ಜನರ ಕಡವಿಗೆ ನಾವು ಹೋಗಿ ಕಾರು ಅಡ್ಡ ಇಡುದು ಅಂದ್ರೆ ನನಗೆ ನಾಚಿಕೆ ಆಗ್ತದೆ, ಯಾಕಂದ್ರೆ ಕಾರಿನಲ್ಲಿ ಬಂದವರು ಮಾತಾಡುದು ನನ್ನ ಭಾಷೆ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೇನೆ. ಮೀನಿನ ದೋಣಿ ಬಂತಾ, ನೀವು ಎಷ್ಟು ಮೊದಲು ಬಂದಿದ್ರೂ ಅದಕ್ಕೆ ಜಾಗ ಬಿಡಿ, ಇಲ್ಲಿ ಸಾಲಿನ ಲೆಕ್ಕ ಬೇಡ, ಅವರದ್ದು ಹೊಟ್ಟೆಪಾಡು, ನಮ್ಮದು ರಜೆ. ಕಾರು ಮೇಲೆ ರಸ್ತೆ ಬದಿಯಲ್ಲಿ, ಅಲ್ಲಿಯೇ ಗಾಳಿ ತುಂಬಿಸಿ, ಜಾಕೆಟ್ ಹಾಕಿ, ಆಮೇಲೆ ಎತ್ಕೊಂಡು ಬನ್ನಿ. ಕಯಾಕ್ ಇಳಿಸ್ಲಿಕ್ಕೆ ಇಳಿಜಾರೇ ಬೇಕಂತಿಲ್ಲ, ಪಕ್ಕದ ಮರಳು ಸಾಕು. ಒಣಗಲಿಕ್ಕೆ ಹಾಕಿದ ಬಲೆಯನ್ನು ದಾಟ್ಬೇಡಿ, ಸುತ್ತು ಹಾಕಿ ಹೋಗಿ. ಹೋಗುವಾಗ ದಡದಲ್ಲಿದ್ದವರ ಹತ್ರ ಇವತ್ತು ಹೊಳೆ ಹೇಗುಂಟು, ಸೆಳೆತ ಉಂಟಾ ಅಂತ ಒಂದು ಮಾತು ಕೇಳಿ, ಮಲಯಾಳ ಬರದಿದ್ರೂ ಅಡ್ಡಿಲ್ಲ, ಕಾಸರಗೋಡಿನಲ್ಲಿ ಕನ್ನಡವೋ ತುಳುವೋ ಅರ್ಥ ಆಗುವವರು ಒಬ್ಬರಾದ್ರೂ ಸಿಗ್ತಾರೆ.

ನೀಲೇಶ್ವರದ ಕೋಟ್ಟಪುರಂ ಹತ್ರ ಹೌಸ್‌ಬೋಟ್ ಹತ್ತಲಿಕ್ಕೆ ಬರುವವರಲ್ಲಿ ಕನ್ನಡದವರೂ ಸುಮಾರು ಇರ್ತಾರೆ, ಹಾಗಾಗಿ ಇಂಥ ಕಡವುಗಳಲ್ಲಿ ಮಲಯಾಳದ ಜೊತೆ ಕನ್ನಡದಲ್ಲೂ ಬೋರ್ಡ್ ಬೇಕು ಅಂತ ನನ್ನ ಆಸೆ. ಉದ್ದ ಬೇಡ, ನಾಲ್ಕು ಸಾಲು. ಖರ್ಚಿನ ವಿಷಯ ಇಲ್ಲಿಯ ಕನ್ನಡದ ಗೆಳೆಯರ ಹತ್ರ ಮಾತಾಡಿದ್ದೇನೆ, ಕೊಡ್ತೇವೆ ಅಂದಿದ್ದಾರೆ. ಮೊದಲು ಕಡವಿನ ದೋಣಿಯವರನ್ನು ಕೂರಿಸಿ ಆ ನಾಲ್ಕು ಸಾಲು ಯಾವುದಾಗ್ಬೇಕು ಅಂತ ಅವರ ಬಾಯಿಂದಲೇ ಕೇಳ್ಬೇಕು, ಆಮೇಲೆ ಅನುಮತಿಗೆ ಅರ್ಜಿ ಹಾಕುದು.