ಹವಳಕಲ್ಲಿನ ಮೇಲಿನ ಹಸಿರು: ಕೆರೀಬಿಯನ್ ಗಾಲ್ಫ್ ರಜೆ ಆ ದ್ವೀಪಗಳಿಗೆ ಹಿತವೇ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಚಳಿಗಾಲದ ರಜೆಗೆ ಕೆರೀಬಿಯನ್ ಕಡಲಿನ ದ್ವೀಪಗಳಿಗೆ ಹೋಗಿ ಬರುವುದು ಈಗ ಅಪರೂಪದ ಸಂಗತಿಯೇನಲ್ಲ. ಅವರಲ್ಲಿ ಗಾಲ್ಫ್ ಚೀಲವನ್ನೂ ಹೊತ್ತುಕೊಂಡು ಹೊರಡುವವರಿದ್ದಾರೆ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾಗಿ ನಿಂತ ಮೇಲೆ ಈ ಆಟ ನಮ್ಮವರ ಮಾತುಕತೆಯೊಳಗೂ ಬಂದಿದೆ. ಹಾಗೆ ಹೋಗುವವರು ತಂಗುವ ಕಡಲದಂಡೆಯ ಐಷಾರಾಮಿ ರೆಸಾರ್ಟ್‌ಗಳು ಆ ದ್ವೀಪದ ಜನರಿಗೆ ಏನನ್ನು ಕೊಡುತ್ತವೆ, ಅವರಿಂದ ಏನನ್ನು ಕಿತ್ತುಕೊಳ್ಳುತ್ತವೆ ಎಂಬುದೇ ಇಲ್ಲಿಯ ಪ್ರಶ್ನೆ. ಎರಡೂ ಪಕ್ಷಗಳ ವಾದವನ್ನು ಅವುಗಳ ಗಟ್ಟಿಯಾದ ನೆಲೆಯಲ್ಲಿಯೇ ಇಡಲು ಯತ್ನಿಸಿದ್ದೇನೆ. ನನ್ನ ಮನಸ್ಸು ಎರಡನೆಯದರ ಕಡೆಗೆ ವಾಲುತ್ತದೆ. ಆದರೂ ಮೊದಲನೆಯದನ್ನು ತಳ್ಳಿಹಾಕಲು ನನ್ನಿಂದ ಆಗಿಲ್ಲ.

ಪರ

ಡೊಮಿನಿಕನ್ ಗಣರಾಜ್ಯದ ಆಗ್ನೇಯ ಕರಾವಳಿಯಲ್ಲಿ ಲಾ ರೊಮಾನಾ ಎಂಬ ಊರಿದೆ. ಅದು ಸಕ್ಕರೆ ಕಾರ್ಖಾನೆಯನ್ನು ನಂಬಿ ಬೆಳೆದ ಊರು. 1967ರಲ್ಲಿ ಗಲ್ಫ್ ಅಂಡ್ ವೆಸ್ಟರ್ನ್ ಎಂಬ ಅಮೆರಿಕದ ಕಂಪನಿ ಆ ಕಾರ್ಖಾನೆಯನ್ನೂ ಅದರ ಅಪಾರ ಜಮೀನನ್ನೂ ಕೊಂಡಿತು. ಜಮೀನಿನ ಅಂಚಿನಲ್ಲಿ, ಕಬ್ಬೂ ಬೆಳೆಯದ ದನವೂ ಮೇಯದ ಒಂದು ಕಲ್ಲುದಂಡೆ ಇತ್ತು. ಅಲ್ಲಿಯ ಹವಳಕಲ್ಲಿಗೆ ಸ್ಥಳೀಯರು ಇಟ್ಟ ಹೆಸರು 'ದಿಯೆಂತೆ ದೆ ಪೆರ್ರೊ', ಅಂದರೆ ನಾಯಿಹಲ್ಲು. ನಮ್ಮ ಕರಾವಳಿಯ ಮುರಕಲ್ಲನ್ನು ಕಂಡವರು ಈ ಕಲ್ಲನ್ನು ಸುಲಭವಾಗಿ ಊಹಿಸಲಾರರು. ಮುರಕಲ್ಲು ಮೆದುವಾಗಿದ್ದಾಗ ಕೊಡಲಿಗೆ ಬಗ್ಗುತ್ತದೆ, ಗೋಡೆಯಾಗುತ್ತದೆ. ನಾಯಿಹಲ್ಲಿನ ಕಲ್ಲಾದರೋ ಅಲೆ ಕೊರೆದು ಕೊರೆದು ಮೊನೆ ಮೊನೆಯಾಗಿ ಎದ್ದಿರುತ್ತದೆ. ಬರಿಗಾಲಿಟ್ಟರೆ ಪಾದ ಸೀಳುತ್ತದೆ. ಪೀಟ್ ಡೈ ಎಂಬ ಅಮೆರಿಕದ ವಿನ್ಯಾಸಕಾರ ಗಾಲ್ಫ್ ಮೈದಾನ ಕಟ್ಟಲು ಆರಿಸಿಕೊಂಡದ್ದು ಈ ದಂಡೆಯನ್ನೇ. ಸುಮಾರು ಮುನ್ನೂರು ಮಂದಿ ಊರಿನ ಕೆಲಸಗಾರರು ಸುತ್ತಿಗೆ, ಹಾರೆ, ಪಿಕಾಸಿ ಹಿಡಿದು ಕಲ್ಲನ್ನು ಒಡೆದರು. ಮಣ್ಣು ಹೊತ್ತು ತಂದು, ಅದಕ್ಕೆ ಕಬ್ಬಿನ ರಸ ಸೋಸಿದ ಮೇಲೆ ಉಳಿಯುವ ಗಸಿಯನ್ನು ಬೆರೆಸಿ, ಹುಲ್ಲನ್ನು ಕೈಯಿಂದಲೇ ನೆಟ್ಟರು. ಮಂಡ್ಯದ ರೈತರು ಪ್ರೆಸ್‌ಮಡ್ ಎಂದು ಗದ್ದೆಗೆ ಹಾಕುವುದು ಇದೇ ಗಸಿಯನ್ನು. 1971ರಲ್ಲಿ ಆಟಕ್ಕೆ ತೆರೆದ ಆ ಮೈದಾನ ಇಂದು 'ಟೀತ್ ಆಫ್ ದ ಡಾಗ್' ಎಂದು ಲೋಕಪ್ರಸಿದ್ಧವಾಗಿದೆ. ಮೊದಮೊದಲು ಅದನ್ನು ಕಾಹುಯಿಲೆಸ್ ಎಂದು ಕರೆಯುತ್ತಿದ್ದರು. ಆ ನಾಡಿನ ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ಗೇರುಮರಗಳು. ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದಿಳಿದ ಗೇರಿನ ಬಳಗವೇ ಅದು.

ಮೈದಾನದ ಹದಿನೆಂಟು ಹೋಲ್‌ಗಳಲ್ಲಿ, ಅಂದರೆ ಆಟದ ಹಂತಗಳಲ್ಲಿ, ಏಳು ಕಡಲಿಗೆ ತಾಗಿಕೊಂಡಿವೆ. ಐದನೆಯದರಲ್ಲಿ ಮೊದಲ ಹೊಡೆತ ಹೊಡೆಯುವ ಟೀ ಮೇಲೆ ನಿಂತವನಿಗೂ ಕುಳಿಯಿರುವ ಗ್ರೀನಿಗೂ ನಡುವೆ ನೀರು ಬಂಡೆಗೆ ಬಡಿಯುತ್ತಿರುತ್ತದೆ. ಆಟಗಾರನ ಚೀಲ ಹೊತ್ತು ಜೊತೆಗೆ ಬಂದ ಕ್ಯಾಡಿ ಒಂದು ಚಿಟಿಕೆ ಹುಲ್ಲನ್ನು ಕಿತ್ತು ಗಾಳಿಗೆ ತೂರುತ್ತಾನೆ, ಅದು ಹಾರಿದ ದಿಕ್ಕನ್ನು ನೋಡುತ್ತಾನೆ, ಚೀಲದಿಂದ ಬೇರೆಯೇ ಕೋಲನ್ನು ತೆಗೆದು ಕೊಡುತ್ತಾನೆ. ಅಲ್ಲಿಯ ಗಾಳಿಯ ಬಗೆಗೆ ಅವನಿಗಿರುವ ತಿಳಿವಳಿಕೆ ಯಾವ ಅತಿಥಿಗೂ ಇರುವುದಿಲ್ಲ, ಮತ್ತು ಆ ತಿಳಿವಳಿಕೆಗೆ ಅಲ್ಲಿ ಬೆಲೆ ಇದೆ. ಅದೇ ದಂಡೆಯಲ್ಲಿ ಅವನ ಅಜ್ಜನ ಕಾಲದವರಿಗೆ ಸಿಗುತ್ತಿದ್ದ ಮುಖ್ಯ ಕೆಲಸವೆಂದರೆ ಬಿಸಿಲಲ್ಲಿ ಮಚ್ಚು ಹಿಡಿದು ಕಬ್ಬು ಕಡಿಯುವುದು.

ಈ ದ್ವೀಪಗಳ ಅರ್ಥವ್ಯವಸ್ಥೆಯನ್ನು ಸಕ್ಕರೆಯಿಂದ ಬೇರ್ಪಡಿಸಿ ನೋಡಿದರೆ ವಾದ ದಾರಿ ತಪ್ಪುತ್ತದೆ. 1493ರಲ್ಲಿ ಕೊಲಂಬಸ್ ತನ್ನ ಎರಡನೆಯ ಯಾನದಲ್ಲಿ ಡೊಮಿನಿಕನ್ ಗಣರಾಜ್ಯವಿರುವ ಹಿಸ್ಪಾನಿಯೋಲಾ ದ್ವೀಪಕ್ಕೆ ಕಬ್ಬನ್ನು ತಂದ ಮೇಲೆ, ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ರಕ್ತ ಬೆವರುಗಳ ಮೇಲೆ ಆ ಬೆಳೆ ನಿಂತಿತು. ಗುಲಾಮಗಿರಿ ಹೋದ ಮೇಲೂ ದ್ವೀಪಗಳು ಒಂದೇ ಬೆಳೆಗೆ ಕಟ್ಟುಬಿದ್ದವು. ಆ ಬೆಳೆಯ ಬೆಲೆಯನ್ನು ಮಾತ್ರ ಯುರೋಪು ನಿರ್ಧರಿಸುತ್ತಿತ್ತು. ಸೇಂಟ್ ಕಿಟ್ಸ್ ದ್ವೀಪ 2005ರಲ್ಲಿ ತನ್ನ ಸಕ್ಕರೆ ಉದ್ಯಮವನ್ನೇ ಮುಚ್ಚಿತು. ಮೂರೂವರೆ ಶತಮಾನಗಳ ಬೇಸಾಯ ನಿಂತಾಗ ಆ ಪುಟ್ಟ ದೇಶದ ಬಳಿ ಉಳಿದದ್ದು ಬಿಸಿಲು, ಮರಳು, ಕಡಲು ಮತ್ತು ಇಂಗ್ಲಿಷ್ ಬಲ್ಲ ಜನ. ಎಣ್ಣೆಯಿಲ್ಲ, ಅದಿರಿಲ್ಲ, ಕಾರ್ಖಾನೆ ಕಟ್ಟುವಷ್ಟು ಮಾರುಕಟ್ಟೆಯೂ ಇಲ್ಲ. ಅದರ ಜೋಡಿ ದ್ವೀಪ ನೆವಿಸ್‌ನಲ್ಲಿ 1991ರಲ್ಲಿ ಗಾಲ್ಫ್ ಮೈದಾನದೊಡನೆ ತೆರೆದ ಫೋರ್ ಸೀಸನ್ಸ್ ರೆಸಾರ್ಟ್ ಅಲ್ಲಿಯ ಅತಿ ದೊಡ್ಡ ಖಾಸಗಿ ಉದ್ಯೋಗದಾತ. ಇಂಥ ದ್ವೀಪಕ್ಕೆ ಪ್ರವಾಸೋದ್ಯಮ ಬೇಡ ಎನ್ನುವವರು ಬದಲಿಗೆ ಏನು ಎಂಬುದನ್ನೂ ಹೇಳಬೇಕಾಗುತ್ತದೆ.

ಪ್ರವಾಸೋದ್ಯಮವೆಲ್ಲ ಒಂದೇ ಬಗೆಯದಲ್ಲ. ವಿಹಾರನೌಕೆಯಿಂದ ಸಾವಿರಾರು ಜನ ಬೆಳಿಗ್ಗೆ ಇಳಿದು, ಬಂದರಿನ ಅಂಗಡಿಗಳಲ್ಲಿ ಸುತ್ತಾಡಿ, ಊಟಕ್ಕೂ ನಿದ್ದೆಗೂ ಹಡಗಿಗೇ ಹಿಂದಿರುಗುತ್ತಾರೆ. ಗಾಲ್ಫ್ ಆಡಲು ಬಂದವರು ವಾರಗಟ್ಟಲೆ ಉಳಿಯುತ್ತಾರೆ, ಮರಳಿ ಬರುತ್ತಾರೆ, ಕೆಲವರು ಅಲ್ಲೇ ಮನೆ ಕಟ್ಟುತ್ತಾರೆ. ಜನಸಂದಣಿ ಕಡಿಮೆ, ತಲಾ ವೆಚ್ಚ ಹೆಚ್ಚು. ಮೈದಾನವೊಂದನ್ನು ವರ್ಷವಿಡೀ ನೋಡಿಕೊಳ್ಳಲು ಹುಲ್ಲಿನ ರೋಗ ಬಲ್ಲವರು, ಯಂತ್ರ ದುರಸ್ತಿ ಮಾಡುವವರು, ನೀರಾವರಿ ತಿಳಿದವರು ಬೇಕು. ಇವು ಊರಿನ ಹುಡುಗ ಹುಡುಗಿಯರು ಕಲಿತು ಮೇಲೇರಬಹುದಾದ ಕೆಲಸಗಳು.

ಆ ಮೈದಾನವಿರುವ ಲಾ ರೊಮಾನಾದ ರೆಸಾರ್ಟ್ ತನ್ನ ಗೋಡೆಯಾಚೆಗೂ ಒಂದಿಷ್ಟು ಕೊಟ್ಟಿದೆ. ಚಾವೊನ್ ನದಿಯ ಕಮರಿಯ ಮೇಲೆ ಕಟ್ಟಿದ ಆಲ್ತೊಸ್ ದೆ ಚಾವೊನ್ ಎಂಬ ಕಲ್ಲಿನ ಹಳ್ಳಿಯಲ್ಲಿ ಐದು ಸಾವಿರ ಜನ ಕೂರುವ ಬಯಲು ರಂಗಮಂದಿರವಿದೆ. ಕೊಲಂಬಸ್‌ಗೂ ಮೊದಲು ಅಲ್ಲಿ ಬಾಳಿದ ತಾಯಿನೊ ಜನರ ವಸ್ತುಗಳ ಸಂಗ್ರಹಾಲಯವಿದೆ. ನ್ಯೂಯಾರ್ಕಿನ ಪಾರ್ಸನ್ಸ್ ಸಂಸ್ಥೆಯೊಡನೆ ಸಂಬಂಧವಿರುವ ವಿನ್ಯಾಸ ಶಾಲೆಯೂ ಇದೆ.

ಇನ್ನು ನೀರಿನ ಮಾತು. ಕಡಲಂಚಿನಲ್ಲಿ ಸಹಜವಾಗಿಯೇ ಬೆಳೆಯುವ ಪಾಸ್ಪಾಲಮ್ ಜಾತಿಯ ಹುಲ್ಲು ಈಗ ಕೆರೀಬಿಯನ್ ಮೈದಾನಗಳಲ್ಲಿ ಸಾಮಾನ್ಯವಾಗಿದೆ. ಉಪ್ಪು ಬೆರೆತ ನೀರನ್ನೂ ಶುದ್ಧೀಕರಿಸಿದ ಕೊಳಚೆ ನೀರನ್ನೂ ಅದು ತಾಳಿಕೊಳ್ಳುತ್ತದೆ. ಆದ್ದರಿಂದ ಹಸಿರು ಕಂಡಲ್ಲೆಲ್ಲ ಕುಡಿಯುವ ನೀರು ಸುರಿದಿದ್ದಾರೆಂದು ತಿಳಿಯುವುದು ಸರಿಯಲ್ಲ.

ವಿರೋಧ

ಹುಲ್ಲು ಉಪ್ಪುನೀರನ್ನು ತಾಳಿಕೊಳ್ಳುತ್ತದೆ ಎಂಬುದು ನಿಜ. ಆದರೆ ಅದಕ್ಕೂ ಗೊಬ್ಬರ ಬೇಕು, ರೋಗ ಬಂದರೆ ಔಷಧಿ ಸಿಂಪಡಿಸಬೇಕು, ಮತ್ತು ಅವೆಲ್ಲ ಬೀಳುವುದು ಜಗತ್ತಿನಲ್ಲೇ ಅತ್ಯಂತ ಸೋರುವ ನೆಲಗಳಲ್ಲೊಂದರ ಮೇಲೆ. ಹವಳಕಲ್ಲು, ಸುಣ್ಣಕಲ್ಲು ಎಂದರೆ ತೂತುಗಳ ಮೊತ್ತ. ಮೇಲೆ ಸುರಿದದ್ದು ಕಪ್ಪು ಮಣ್ಣಿನಲ್ಲಿ ನಿಂತ ಹಾಗೆ ಅಲ್ಲಿ ನಿಲ್ಲುವುದಿಲ್ಲ. ಬಿರುಕುಗಳಲ್ಲಿಳಿದು ಅಂತರ್ಜಲಕ್ಕೂ ಅಲ್ಲಿಂದ ಕಡಲಿಗೂ ಸೇರುತ್ತದೆ. ಬಾರ್ಬಡೋಸಿನಂಥ ದ್ವೀಪದ ಜನ ಕುಡಿಯುವ ನೀರು ಬಹುಪಾಲು ಇಂಥ ಕಲ್ಲಿನ ಪದರದಿಂದಲೇ ಬರುತ್ತದೆ.

ಕಡಲಿನ ಕಡೆಗೆ ನೋಡಿದರೆ ಸಂಕಟ ಇನ್ನೂ ದೊಡ್ಡದು. ಹವಳ ಬದುಕುವುದು ಪೋಷಕಾಂಶ ತೀರಾ ಕಡಿಮೆಯಿರುವ ತಿಳಿನೀರಿನಲ್ಲಿ. ಸಾರಜನಕ, ರಂಜಕಗಳು ಬಂದು ಸೇರಿದರೆ ಪಾಚಿ ದಟ್ಟವಾಗಿ ಬೆಳೆದು ಹವಳವನ್ನು ಮುಚ್ಚುತ್ತದೆ. ಹಿಂದೆ ಆ ಪಾಚಿಯನ್ನು ಮೇಯುತ್ತಿದ್ದದ್ದು ಉದ್ದ ಮುಳ್ಳಿನ ಕಪ್ಪು ಕಡಲಕಂಟಕ (ಸೀ ಅರ್ಚಿನ್) ಎಂಬ ಜೀವಿ. 1983-84ರಲ್ಲಿ ಕೆರೀಬಿಯನ್‌ನಾದ್ಯಂತ ಹಬ್ಬಿದ ರೋಗಕ್ಕೆ ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸತ್ತುಹೋದವು. ಅಲ್ಲಿಂದೀಚೆಗೆ ಹವಳದ ದಿಬ್ಬಗಳು ಚೇತರಿಸಿಕೊಂಡೇ ಇಲ್ಲ. ನೀರು ಬಿಸಿಯಾಗುತ್ತಿರುವುದು, 2011ರಿಂದ ದಂಡೆಗೆ ರಾಶಿ ರಾಶಿಯಾಗಿ ಬಂದು ಕೊಳೆಯುತ್ತಿರುವ ಸರ್ಗಾಸಮ್ ಕಡಲಕಳೆ, ಊರುಗಳ ಕೊಳಚೆ ಎಲ್ಲವೂ ಇದರಲ್ಲಿ ಪಾಲುದಾರರೇ. ಗಾಲ್ಫ್ ಮೈದಾನವೊಂದೇ ಹವಳವನ್ನು ಕೊಂದಿತೆಂದು ಹೇಳಿದರೆ ಅದು ಸುಳ್ಳಾದೀತು. ಆದರೆ ಇಷ್ಟು ನರಳುತ್ತಿರುವ ಕಡಲಿನ ತೀರಾ ಅಂಚಿಗೆ, ಅಲೆಗೂ ಹುಲ್ಲಿಗೂ ನಡುವೆ ಹತ್ತು ಮಾರೂ ಬಿಡದಂತೆ, ಗೊಬ್ಬರ ಉಣ್ಣುವ ನೂರಾರು ಎಕರೆಯ ಹಾಸನ್ನು ತಂದಿಡುವುದು ವಿವೇಕವಲ್ಲ. ಆ ಹವಳದ ದಿಬ್ಬವೇ ಬಿರುಗಾಳಿಯ ಅಲೆಯನ್ನು ತಡೆಯುವುದು. ಆ ದಂಡೆಯ ಬಿಳಿಮರಳಿಗೆ ಮೂಲವೂ ಅದೇ.

ಉದ್ಯೋಗದ ವಾದಕ್ಕೆ ನೆವಿಸ್‌ನದೇ ಕಥೆ ಉತ್ತರ ಹೇಳುತ್ತದೆ. 2008ರ ಅಕ್ಟೋಬರ್‌ನಲ್ಲಿ ಓಮಾರ್ ಚಂಡಮಾರುತ ಬಡಿದಾಗ ಅಲ್ಲಿಯ ರೆಸಾರ್ಟ್ ಮುಚ್ಚಿತು. ಮತ್ತೆ ತೆರೆದದ್ದು 2010ರ ಡಿಸೆಂಬರ್‌ನಲ್ಲಿ. ಎರಡು ವರ್ಷಕ್ಕೂ ಮೀರಿ ನೂರಾರು ಕುಟುಂಬಗಳು ಕೆಲಸವಿಲ್ಲದೆ ಕುಳಿತವು. ಅಂಗಡಿಯವನಿಂದ ಹಿಡಿದು ಮೀನು ಹಿಡಿಯುವವನವರೆಗೆ ಎಲ್ಲರ ಬಾಳುವೆಯೂ ಆ ಒಂದು ಹೆಬ್ಬಾಗಿಲಿಗೆ ಬೀಗ ಬಿದ್ದದ್ದಕ್ಕೆ ತೂಗಾಡಿತು. ಒಂದೇ ಬೆಳೆಯ ದಾಸ್ಯ ಬೇಡವೆಂದು ಸಕ್ಕರೆಯನ್ನು ಬಿಟ್ಟವರು ಒಂದೇ ಹೋಟೆಲಿಗೆ ಕಟ್ಟುಬಿದ್ದಂತಾಯಿತು.

ಸಕ್ಕರೆಯನ್ನಾದರೂ ನಿಜವಾಗಿ ಬಿಟ್ಟರೇ? ಲಾ ರೊಮಾನಾದಲ್ಲಿ ಸಕ್ಕರೆ ಕಾರ್ಖಾನೆ ಮತ್ತು ರೆಸಾರ್ಟ್ ಇಂದಿಗೂ ಒಂದೇ ಕಂಪನಿಯ, ಈಗ ಸೆಂಟ್ರಲ್ ರೊಮಾನಾದ, ಒಡೆತನದಲ್ಲಿವೆ. ಮೈದಾನದಿಂದ ಒಳನಾಡಿಗೆ ಹೋದರೆ ಕಬ್ಬಿನ ಹೊಲಗಳ ನಡುವೆ 'ಬತೇಯ್' ಎಂದು ಕರೆಯುವ ಕೂಲಿಕಾರರ ಕೇರಿಗಳಿವೆ. ಅಲ್ಲಿ ಇರುವವರಲ್ಲಿ ಬಹಳಷ್ಟು ಮಂದಿ ಹೈಟಿಯಿಂದ ಬಂದವರು, ಇಲ್ಲವೇ ಅವರ ಮಕ್ಕಳು. 2022ರ ನವೆಂಬರ್‌ನಲ್ಲಿ ಅಮೆರಿಕದ ಸುಂಕ ಇಲಾಖೆ, ಬಲವಂತದ ದುಡಿಮೆಯ ಲಕ್ಷಣಗಳಿವೆಯೆಂದು ಹೇಳಿ, ಆ ಕಂಪನಿಯ ಸಕ್ಕರೆಯ ಆಮದನ್ನು ತಡೆಯಿತು. ಕಂಪನಿ ಆರೋಪವನ್ನು ಒಪ್ಪಲಿಲ್ಲ. 2025ರ ಮಾರ್ಚ್‌ನಲ್ಲಿ ತಡೆ ತೆರವಾಯಿತು. ಕಂಪನಿಯ ಅಪರಾಧವನ್ನು ಸಾರುವುದಕ್ಕಾಗಿ ನಾನಿದನ್ನು ಹೇಳುತ್ತಿಲ್ಲ. ಕಬ್ಬು ಕಡಿಯುವವನ ಮೊಮ್ಮಗ ಕ್ಯಾಡಿಯಾದ ಎಂಬ ಚಿತ್ರ ಸುಂದರವಾಗಿದೆ. ಆದರೆ ಕಬ್ಬು ಕಡಿಯುವವನು ಇನ್ನೂ ಅಲ್ಲಿಯೇ ಕಡಿಯುತ್ತಿದ್ದಾನೆ, ಅತಿಥಿಯ ಕಣ್ಣಿಗೆ ಬೀಳದಷ್ಟು ದೂರದಲ್ಲಿ.

ದಂಡೆಯ ಹಕ್ಕಿನ ವಿಷಯಕ್ಕೆ ಬರೋಣ. ಡೊಮಿನಿಕನ್ ಗಣರಾಜ್ಯದ 2010ರ ಸಂವಿಧಾನ ಕಡಲತೀರಗಳು ಸಾರ್ವಜನಿಕ ಸ್ವತ್ತು, ಎಲ್ಲರಿಗೂ ಮುಕ್ತ ಎನ್ನುತ್ತದೆ; ಕಡಲಂಚಿನಿಂದ 60 ಮೀಟರ್ ಪಟ್ಟಿಯನ್ನು ಸಾರ್ವಜನಿಕವೆನ್ನುವ ಕಾಯಿದೆ 1968ರಿಂದಲೇ ಇದೆ. ಕಾಗದದ ಮೇಲೆ ಇದು ಉತ್ತಮ ಕಾನೂನು. ಆದರೆ ದಂಡೆ ಎಲ್ಲರದ್ದಾಗಿದ್ದು, ದಂಡೆಗೆ ಹೋಗುವ ದಾರಿ ಒಬ್ಬರದ್ದಾಗಿದ್ದರೆ, ಗೇಟಿನಲ್ಲಿ ಕಾವಲುಗಾರ ನಿಂತಿದ್ದರೆ, ಮೀನುಗಾರನ ಮಗುವಿಗೆ ಆ ಸಂವಿಧಾನದಿಂದ ಏನು ಸಿಕ್ಕಿತು? ಜಮೈಕಾದಲ್ಲಂತೂ ಕಾಗದದ ಮೇಲೂ ಆ ಹಕ್ಕಿಲ್ಲ. ವಸಾಹತು ಆಳ್ವಿಕೆಯ ಕಾಲದ 1956ರ ಕಡಲತೀರ ನಿಯಂತ್ರಣ ಕಾಯಿದೆ ತೀರದ ಅಂಚನ್ನು ರಾಜಪ್ರಭುತ್ವದ ಸ್ವತ್ತಾಗಿಸಿತು, ಈಜುವ ಸಾರ್ವತ್ರಿಕ ಹಕ್ಕನ್ನು ಜನರಿಗೆ ಕೊಡಲಿಲ್ಲ.

ಈ ವಾದದ ತಿರುಳು ಕಾಣಬೇಕಾದರೆ ಬಾರ್ಬುಡಾವನ್ನು ನೋಡಬೇಕು. ಆಂಟಿಗುವಾದ ಜೊತೆಗೂಡಿ ಒಂದು ದೇಶವಾಗಿರುವ ಈ ಚಪ್ಪಟೆ ದ್ವೀಪದಲ್ಲಿರುವುದು ಎರಡು ಸಾವಿರಕ್ಕೂ ಕಡಿಮೆ ಜನ. ಕಾಡ್ರಿಂಗ್ಟನ್ ಮನೆತನದ ಗುಲಾಮರಾಗಿದ್ದವರ ಸಂತತಿ ಅವರು. 1834ರಲ್ಲಿ ಬಿಡುಗಡೆಯಾದ ಮೇಲೆ ನೆಲವನ್ನು ಹಂಚಿಕೊಳ್ಳದೆ ಎಲ್ಲರೂ ಒಟ್ಟಾಗಿಯೇ ಇಟ್ಟುಕೊಂಡು ಬಂದರು: ಬೇಲಿ ಹಾಕಿ ಒಂದಿಷ್ಟು ಬೆಳೆಯುವುದು, ಸಾರ ತೀರಿದರೆ ಬಿಟ್ಟು ಬೇರೆಡೆಗೆ ಹೋಗುವುದು, ದನಗಳನ್ನು ಬಯಲಿಗೆ ಬಿಡುವುದು. ನಮ್ಮ ಹಳ್ಳಿಯ ಗೋಮಾಳವನ್ನು ಇಡೀ ದ್ವೀಪಕ್ಕೆ ಹಿಗ್ಗಿಸಿದರೆ ಹೇಗಿರುತ್ತದೋ ಹಾಗೆ. 2007ರಲ್ಲಿ ಈ ರೂಢಿ ಕಾನೂನಾಯಿತು. ನೆಲ ಮಾರಾಟಕ್ಕಿಲ್ಲ, ದೊಡ್ಡ ಯೋಜನೆಗೆ ಜನರ ಒಪ್ಪಿಗೆ ಬೇಕು.

2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ದ್ವೀಪದ ಬಹುತೇಕ ಎಲ್ಲ ಕಟ್ಟಡಗಳನ್ನೂ ಹೊಡೆದುರುಳಿಸಿತು. ಇಡೀ ಜನಸಂಖ್ಯೆಯನ್ನು ಆಂಟಿಗುವಾಕ್ಕೆ ಸಾಗಿಸಲಾಯಿತು. ಜನ ಇನ್ನೂ ಹಿಂದಿರುಗದಿರುವಾಗಲೇ ಹೊಸ ವಿಮಾನ ನಿಲ್ದಾಣಕ್ಕಾಗಿ ಕಾಡು ಕಡಿಯುವ ಕೆಲಸ ಶುರುವಾಯಿತು. ಮರುವರ್ಷ ಸಾಮೂಹಿಕ ಒಡೆತನದ ಕಾನೂನನ್ನು ಸರ್ಕಾರ ರದ್ದುಗೊಳಿಸಿತು. ಪಾಲ್ಮೆಟೊ ಪಾಯಿಂಟ್‌ನಲ್ಲಿ ಟಾಮ್ ಫಾಜಿಯೊ ವಿನ್ಯಾಸದ ಗಾಲ್ಫ್ ಮೈದಾನದೊಡನೆ ಸಿರಿವಂತರ ಖಾಸಗಿ ವಸತಿ ತಲೆಯೆತ್ತಿತು. ಆ ಜಾಗ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಯಲ್ಲಿರುವ ಕಾಡ್ರಿಂಗ್ಟನ್ ಲಗೂನಿನ ರಾಷ್ಟ್ರೀಯ ಉದ್ಯಾನದೊಳಗೇ ಇದೆ. ಅದೇ ಲಗೂನಿನ ಕಾಂಡ್ಲಾ ಮರಗಳಲ್ಲಿ ಸಾವಿರಾರು ಫ್ರಿಗೇಟ್ ಹಕ್ಕಿಗಳು ಗೂಡು ಕಟ್ಟುತ್ತವೆ. ಮನೆಯ ಸೂರು ಹಾರಿಹೋದವರು ಸೂರು ಹೊದಿಸುವ ಮೊದಲೇ ಅವರ ನೆಲದ ಕಾನೂನು ಬದಲಾಗಿತ್ತು. ಕೆಲಸ ಕೊಡುತ್ತೇವೆ ಎಂಬ ಮಾತು ಅಲ್ಲಿಯೂ ಕೇಳಿಬಂತು, ಮತ್ತು ಕೆಲಸ ಬೇಕಾಗಿದ್ದವರು ಅಲ್ಲಿಯೂ ಇದ್ದರು. ಆದರೆ ಬೇಕೋ ಬೇಡವೋ ಎಂದು ಹೇಳುವ ಅಧಿಕಾರ ಯಾರ ಕೈಯಲ್ಲಿತ್ತೋ ಅವರ ಕೈಯಿಂದ ಅದು ಜಾರಿತ್ತು.

ಜನ ನ್ಯಾಯಾಲಯಕ್ಕೆ ಹೋದರು. 2022ರಲ್ಲಿ ಆ ದೇಶದ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್, ಬಾರ್ಬುಡಾದವರ ಸಾಮೂಹಿಕ ಹಕ್ಕು ಸಂವಿಧಾನ ರಕ್ಷಿಸುವ ಆಸ್ತಿಯ ಹಕ್ಕಲ್ಲ ಎಂದು ತೀರ್ಪು ಕೊಟ್ಟಿತು. ವಿಮಾನ ನಿಲ್ದಾಣದ ಅನುಮತಿಯನ್ನು ಪ್ರಶ್ನಿಸುವ ಹಕ್ಕು ಇಬ್ಬರು ನಿವಾಸಿಗಳಿಗೆ ಇದೆಯೆಂದು ಅದೇ ನ್ಯಾಯಪೀಠ 2024ರಲ್ಲಿ ಹೇಳುವ ಹೊತ್ತಿಗೆ ಓಡುದಾರಿ ಹಾಕಿ ಆಗಿತ್ತು.