ಹದಿನೆಂಟು ಉಗುರು

ರಾತ್ರಿ ಹನ್ನೆರಡೂವರೆಗೆ ಟಕ್ ಟಕ್ ಟಕ್ ಟಕ್. ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಮತ್ತೆ ಹಾಲ್‌ಗೆ. ನಾಯಿಗೆ ಕೆಲಸವಿಲ್ಲ, ಕೂರಲು ಹೊತ್ತಿಲ್ಲ ಎಂದು ಗಾದೆ ಕಟ್ಟಿದವರ ಮನೆಯ ನೆಲ ಮಣ್ಣಿನದಿರಬೇಕು. ಟೈಲ್ಸ್ ಆಗಿದ್ದರೆ ಗಾದೆಯೊಳಗೆ ಈ ಸದ್ದೂ ಸೇರುತ್ತಿತ್ತು. ಮಲಗಿದವರು ದಿಂಬನ್ನು ಕಿವಿಯ ಮೇಲೆ ಎಳೆದುಕೊಂಡು ಹೊರಳುತ್ತಾರೆ. ಬೆಳಗ್ಗೆ ಎದ್ದು ಅದೇ ಮನೆಯವರು ಬಂದವರಿಗೆ ಹೇಳುವ ಮಾತು: "ನಾಯಿ ಅಂತ ಕರೀಬೇಡಿ, ಅವನು ನಮ್ಮ ಮಗ."

ಮಗನೇ ಆಗಲಿ. ಮಗನ ಉಗುರನ್ನು ನೆಲಕ್ಕೆ ಬಡಿಯುವಷ್ಟು ಬೆಳೆಯಲು ಯಾರಾದರೂ ಬಿಡುತ್ತಾರೆಯೇ?

ನಾಯಿಗೂ ಮನುಷ್ಯನಿಗೂ ಇರುವ ನಂಟಿನ ಬಗ್ಗೆ ಮಾತೆತ್ತಿದವರೆಲ್ಲ ಕಣ್ಣಿನಿಂದ ಶುರುಮಾಡುತ್ತಾರೆ. 2015ರಲ್ಲಿ ಜಪಾನಿನ ಸಂಶೋಧಕರು ನಾಯಿಗಳನ್ನೂ ಅವುಗಳ ಒಡೆಯರನ್ನೂ ಅರ್ಧ ಗಂಟೆ ಒಂದು ಕೋಣೆಯಲ್ಲಿ ಬಿಟ್ಟು, ಆಮೇಲೆ ಇಬ್ಬರ ಮೂತ್ರವನ್ನೂ ಪರೀಕ್ಷಿಸಿದ್ದರು. ಹೆಚ್ಚು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದ ಜೋಡಿಗಳಲ್ಲಿ ಆಕ್ಸಿಟೋಸಿನ್ ಏರಿತ್ತು. ತಾಯಿಯನ್ನೂ ಮಗುವನ್ನೂ ಬೆಸೆಯುವ ಹಾರ್ಮೋನು ಅದು. ಈ ಸುದ್ದಿ ಕೇಳಿದಂದಿನಿಂದ ನಾಯಿ ಸಾಕಿದವರ ಕತ್ತು ಒಂದಿಂಚು ಉದ್ದವಾಗಿದೆ. ಸಂತೋಷ. ಆದರೆ ಆ ಪ್ರಯೋಗದಲ್ಲಿ ಒಡೆಯರ ಕೈಯಲ್ಲಿ ಉಗುರು ಕತ್ತರಿ ಇರಲಿಲ್ಲ. ಕತ್ತರಿ ಕಂಡ ಕೂಡಲೇ ಅದೇ ಕಣ್ಣು ಪಕ್ಕಕ್ಕೆ ಹೊರಳಿ ಅಂಚಿನಲ್ಲಿ ಬಿಳಿ ಕಾಣುತ್ತದೆ, ನಾಲಿಗೆ ಮೂಗನ್ನು ನೆಕ್ಕುತ್ತದೆ, ನಿದ್ದೆಯಿಲ್ಲದ ಆಕಳಿಕೆಯೊಂದು ಬರುತ್ತದೆ. ಇವೆಲ್ಲ 'ಬೇಡ' ಅನ್ನುವುದರ ಬೇರೆ ಬೇರೆ ಕಾಗುಣಿತ. ಮನೆಯವರು ಮಾತ್ರ "ಪಾಪ, ನಿದ್ದೆ ಬಂದಿದೆ ಅವನಿಗೆ" ಅನ್ನುತ್ತಾರೆ.

ಲೆಕ್ಕ ಮೊದಲು ಸರಿಯಾಗಲಿ. ಒಂದೊಂದು ಪಾದಕ್ಕೆ ನಾಲ್ಕರಂತೆ ಹದಿನಾರು ಉಗುರು. ಮುಂಗಾಲುಗಳ ಒಳಬದಿಯಲ್ಲಿ, ನೆಲದಿಂದ ಮೇಲೆ, ಹೆಬ್ಬೆರಳಿನ ಹಾಗೆ ಇನ್ನೆರಡು. ಒಟ್ಟು ಹದಿನೆಂಟು. ಕೆಲವು ನಾಯಿಗಳಿಗೆ ಹಿಂಗಾಲಿನಲ್ಲೂ ಈ ಮೇಲುಗುರು ಇರುತ್ತದೆ, ಗ್ರೇಟ್ ಪಿರನೀಸ್‌ನಂಥ ತಳಿಗಳಲ್ಲಿ ಒಂದೊಂದು ಹಿಂಗಾಲಿಗೆ ಎರಡೆರಡು. ನೆಲ ಮುಟ್ಟುವ ಉಗುರು ಒರಟು ನೆಲದಲ್ಲಿ ಒಂದಷ್ಟಾದರೂ ಸವೆಯುತ್ತದೆ. ಮೇಲುಗುರಿಗೆ ಆ ಭಾಗ್ಯವಿಲ್ಲ. ಅದು ಕೂದಲ ಮರೆಯಲ್ಲಿ ಕುಡುಗೋಲಿನಂತೆ ಬಾಗುತ್ತಾ ಬಾಗುತ್ತಾ ಕೊನೆಗೆ ಚರ್ಮಕ್ಕೇ ನಾಟಿಕೊಳ್ಳಬಹುದು. ದಿನಕ್ಕೆ ನಾಲ್ಕು ಫೋಟೊ ತೆಗೆಯುವ ಮನೆಯಲ್ಲೂ ಇದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಉಳಿದವಕ್ಕೆ ಪರೀಕ್ಷೆ ಸುಲಭ. ನಾಯಿ ಸಮನೆಲದ ಮೇಲೆ ನೆಟ್ಟಗೆ ನಿಂತಾಗ ಉಗುರಿನಡಿ ಕಾಗದದ ಹಾಳೆಯೊಂದು ನುಸುಳಬೇಕು. ನುಸುಳದಿದ್ದರೆ ಪ್ರತಿ ಹೆಜ್ಜೆಗೂ ನೆಲ ಉಗುರನ್ನು ಹಿಂದಕ್ಕೆ ದೂಡುತ್ತದೆ, ಬೆರಳು ಮೇಲೆದ್ದು ಅಡ್ಡಕ್ಕೆ ಹರಡುತ್ತದೆ, ನಾಯಿ ಭಾರವನ್ನು ಹಿಂದಕ್ಕೆ ಹಾಕಿ ನಡೆಯಲು ಕಲಿಯುತ್ತದೆ. ವಯಸ್ಸಾದ ನಾಯಿ ಜಾರುವುದಕ್ಕೆ ಮಂಡಿಯನ್ನು ದೂರುವ ಮೊದಲು ಉಗುರನ್ನೊಮ್ಮೆ ನೋಡುವುದು ಒಳ್ಳೆಯದು.

ಕತ್ತರಿಸಲು ಹೆದರುವುದಕ್ಕೆ ಕಾರಣ ಎಲ್ಲರಿಗೂ ಗೊತ್ತು: ಉಗುರಿನೊಳಗೆ ರಕ್ತನಾಳ, ನರ ಎರಡೂ ಇರುವ ಜೀವಭಾಗ. ಬಿಳಿ ಉಗುರಿನಲ್ಲಿ ಅದು ಗುಲಾಬಿ ಬಣ್ಣದಲ್ಲಿ ಹೊರಗಿನಿಂದಲೇ ಕಾಣುತ್ತದೆ. ಅದಕ್ಕಿಂತ ಎರಡು ಮಿಲಿಮೀಟರ್ ಮುಂಚೆ ನಿಲ್ಲಿಸಿದರೆ ಮುಗಿಯಿತು. ಕಷ್ಟ ಕಪ್ಪು ಉಗುರಿನದು. ಅಲ್ಲಿ ಒಂದೇ ಏಟಿಗೆ ತುಂಡು ಮಾಡುವ ಧೈರ್ಯವಂತರು ಬೇಕಾಗಿಲ್ಲ. ಒಂದೊಂದು ಮಿಲಿಮೀಟರ್‌ನಂತೆ ಬಿಲ್ಲೆ ಬಿಲ್ಲೆಯಾಗಿ ತೆಗೆಯುತ್ತಾ ಪ್ರತಿ ಸಲವೂ ಕತ್ತರಿಸಿದ ಮುಖವನ್ನು ನೋಡಬೇಕು. ಮೊದಲು ಅದು ಒಣಗಿ ಸುಣ್ಣದಂತೆ ಪುಡಿಪುಡಿಯಾಗಿರುತ್ತದೆ. ಮುಂದೆ ನಡುವೆ ತೇವದ, ನುಣುಪಾದ ಒಂದು ಚುಕ್ಕೆ ಮೂಡುತ್ತದೆ. ಆ ಚುಕ್ಕೆ ಕಂಡರೆ ಕತ್ತರಿ ಕೆಳಗಿಡಿ. 'ಇನ್ನೊಂದು ಚೂರು' ಎಂಬ ಆಸೆಯೇ ಮುಕ್ಕಾಲುಪಾಲು ರಕ್ತಪಾತದ ಮೂಲ.

ಉಗುರು ಬಹಳ ಬೆಳೆದಿದ್ದರೆ ಜೀವಭಾಗವೂ ಅದರ ಜೊತೆಗೆ ಮುಂದಕ್ಕೆ ಬಂದಿರುತ್ತದೆ. ಆರು ತಿಂಗಳ ಸೋಮಾರಿತನವನ್ನು ಒಂದು ಭಾನುವಾರ ತೀರಿಸಲಾಗದು. ವಾರಕ್ಕೊಮ್ಮೆ ತುದಿಯಷ್ಟೇ ತೆಗೆಯುತ್ತಾ ಹೋದರೆ ಅದು ಮೆಲ್ಲಗೆ ಹಿಂದೆ ಸರಿಯುತ್ತದೆ.

ಕತ್ತರಿಯ ಬಾಯಿ ಮೊಂಡಾಗಿದ್ದರೆ ಉಗುರನ್ನು ಕತ್ತರಿಸುವ ಮೊದಲು ಜಜ್ಜುತ್ತದೆ. ರಕ್ತ ಬರದೆಯೂ ನಾಯಿ ಕಿರುಚುವುದು ಆಗಲೇ. ಕತ್ತರಿಯ ಬದಲು ಉಗುರು ತೇಯುವ ಗ್ರೈಂಡರ್ ಬಳಸುವವರು ಒಂದೇ ಕಡೆ ಒಂದೆರಡು ಸೆಕೆಂಡಿಗಿಂತ ಹೆಚ್ಚು ಒತ್ತಬಾರದು, ಉಗುರು ಬಿಸಿಯಾಗುತ್ತದೆ. ಉದ್ದ ಕೂದಲಿನ ನಾಯಿಯಾದರೆ ಕೂದಲನ್ನು ಹಿಂದಕ್ಕೆ ಹಿಡಿದಿರಬೇಕು, ಇಲ್ಲದಿದ್ದರೆ ಸುತ್ತಿಕೊಳ್ಳುತ್ತದೆ. ಬೆರಳಿನಡಿಯ ಮೆತ್ತೆಗೆ ಹೆಬ್ಬೆರಳು, ಮೇಲೆ ತೋರುಬೆರಳು ಇಟ್ಟು ಹಗುರವಾಗಿ ಒತ್ತಿದರೆ ಉಗುರು ತಾನೇ ಮುಂದೆ ಬರುತ್ತದೆ. ಕಾಲನ್ನು ಮೈಯಿಂದ ಪಕ್ಕಕ್ಕೆ ಎಳೆಯಬೇಡಿ. ನಾಯಿಯ ಭುಜದ ಕೀಲು ಇರುವುದು ಹೆಚ್ಚಾಗಿ ಹಿಂದೆ ಮುಂದೆ ಆಡಲಿಕ್ಕೆ. ನಾವು ಕೈ ಚಾಚುವ ಹಾಗೆ ಅದೂ ಚಾಚಲಿ ಎಂದರೆ ನೋವಾಗಿ ಕೊಸರಾಡುತ್ತದೆ. ಆಗ ಮನೆಯವರ ತೀರ್ಪು: "ಇವನಿಗೆ ಉಗುರು ಅಂದ್ರೆ ಆಗಲ್ಲ." ಆಗದಿರುವುದು ಭುಜಕ್ಕೆ.

ಜೀವಭಾಗಕ್ಕೆ ತಗುಲಿಯೇ ಬಿಟ್ಟರೆ ರಕ್ತ ನಿಲ್ಲಿಸುವ ಪುಡಿಯನ್ನು, ಅದಿಲ್ಲದಿದ್ದರೆ ಕಾರ್ನ್‌ಫ್ಲೋರನ್ನು, ಉಗುರಿನ ತುದಿಗೆ ಒತ್ತಿ ಹಿಡಿದು ಐದು ನಿಮಿಷ ಗಡಿಯಾರ ನೋಡಿಕೊಂಡು ಕೂರುವುದು. ನಿಂತಿತೇ ಎಂದು ನಿಮಿಷಕ್ಕೊಮ್ಮೆ ಇಣುಕಿದರೆ ನಿಲ್ಲುವುದಿಲ್ಲ. ಅರ್ಧ ಗಂಟೆಯಾದರೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಬೇಕು. ಪುಡಿಯ ಡಬ್ಬಿ ಮೊದಲೇ ಪಕ್ಕದಲ್ಲಿರಲಿ. ಒಬ್ಬರು ನಾಯಿ ಹಿಡಿದು ಇನ್ನೊಬ್ಬರು ಕಪಾಟು ಹುಡುಕುವಷ್ಟರಲ್ಲಿ ಹದಿನೈದು ಕೆಂಪು ಹೆಜ್ಜೆ ಸೋಫಾ ತನಕ ಹೋಗಿರುತ್ತದೆ.

ಇನ್ನು ಹಿಡಿಯುವವರ ವಿಚಾರ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರು ಅಂತಾರಲ್ಲ, ಅದನ್ನು ಕಣ್ಣಾರೆ ನೋಡಬೇಕಾದರೆ ಇಲ್ಲೇ ನೋಡಬೇಕು. ಒಬ್ಬರು ಕುತ್ತಿಗೆ ಅದುಮಿ, ಇನ್ನೊಬ್ಬರು ಸೊಂಟದ ಮೇಲೆ ಅರ್ಧ ಕೂತು, ಮೂರನೆಯವರು ಟಾರ್ಚ್ ಹಿಡಿದು, ನಾಲ್ಕನೆಯವರು ವಿಡಿಯೊ ಮಾಡುತ್ತಾ ನಗುತ್ತಾರೆ. ಇಷ್ಟು ಬಲಪ್ರಯೋಗವನ್ನು ನಾಯಿ ಒಂದೇ ಸಲಕ್ಕೆ ಕಂಠಪಾಠ ಮಾಡುತ್ತದೆ. ಅದರ ಗುರುಗುರುವಿಗೆ ಗದರುವುದು ಇನ್ನೂ ದೊಡ್ಡ ಪೆದ್ದುತನ. ಗುರುಗುಟ್ಟುವುದು ಎಚ್ಚರಿಕೆ, ಎಚ್ಚರಿಕೆ ಕೊಟ್ಟದ್ದಕ್ಕೆ ಏಟು ತಿಂದ ನಾಯಿ ಮುಂದಿನ ಸಲ ಎಚ್ಚರಿಸದೆ ಕಚ್ಚುತ್ತದೆ. ಆಮೇಲೆ "ಏನೂ ಮಾಡದೆ ಇದ್ದಕ್ಕಿದ್ದ ಹಾಗೆ ಕಚ್ಚಿಬಿಡ್ತು" ಎಂಬ ಹೇಳಿಕೆ.

ಸರಿಯಾದ ದಾರಿಯಲ್ಲಿ ನೋಡುವವರಿಗೆ ರಂಜನೆಯೇ ಇಲ್ಲ. ಮೊದಲ ಕೆಲವು ದಿನ ಕತ್ತರಿಯನ್ನು ನೆಲದ ಮೇಲಿಟ್ಟು, ನಾಯಿ ಮೂಸಿದರೆ ಒಂದು ತಿಂಡಿ ತುಣುಕು. ಆಮೇಲೆ ಪಾದ ಮುಟ್ಟಿ ತುಣುಕು. ಕತ್ತರಿಯಿಂದ ಬೆಂಕಿಕಡ್ಡಿಯೊಂದನ್ನು ಕಟ್ ಎನ್ನಿಸಿ ತುಣುಕು. ಕತ್ತರಿಯನ್ನು ಉಗುರಿಗೆ ತಾಗಿಸಿ, ಕತ್ತರಿಸದೆ, ತುಣುಕು. ಅದು ಒಂದೆರಡು ಸೆಕೆಂಡಿನೊಳಗೆ ಬಾಯಿಗೆ ಬೀಳಬೇಕು. ತಡವಾಗಿ ಕೊಟ್ಟರೆ ಯಾವುದಕ್ಕೆ ಕೊಟ್ಟರು ಎಂದು ನಾಯಿಗೆ ತಿಳಿಯದು. ಎರಡು ವಾರದ ಕೊನೆಗೆ ಒಂದು ದಿನ, ಒಂದೇ ಒಂದು ಉಗುರು. ಮರುದಿನ ಇನ್ನೊಂದು. ನಾಯಿ ಕಾಲು ಎಳೆದುಕೊಂಡರೆ ಬಿಟ್ಟುಬಿಡಬೇಕು. ಬಿಡುತ್ತಾರೆ ಎಂದು ಗೊತ್ತಾದ ನಾಯಿ ಮುಂದಿನ ಸಲ ಕಾಲು ಎಳೆಯುವುದು ಕಡಿಮೆಯಾಗುತ್ತದೆ. ಒಂದು ಎಚ್ಚರ: ಸಕ್ಕರೆಯಿಲ್ಲದ ಸಿಹಿತಿನಿಸಿನಲ್ಲಿ ಸಕ್ಕರೆಗೆ ಬದಲಾಗಿ ಹಾಕುವ ಜೈಲಿಟಾಲ್ ಇದ್ದರೆ ಅದು ನಾಯಿಗೆ ವಿಷ. ಡಬ್ಬಿಯ ಮೇಲಿನ ಸಣ್ಣಕ್ಷರ ಓದದೆ ಪ್ರೀತಿಯಿಂದ ತಿನ್ನಿಸಬೇಡಿ.

ಧರ್ಮರಾಯ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎಂದ ಕತೆಯನ್ನು ಈ ಸಂಬಂಧದ ಶಿಖರವಾಗಿ ಎಲ್ಲರೂ ಎತ್ತಿ ಹೇಳುತ್ತಾರೆ. ಹೇಳಲಿ. ಆದರೆ ಹಿಮಾಲಯದ ಕಲ್ಲುದಾರಿಯನ್ನು ಅಷ್ಟೂ ದೂರ ನಡೆದು ಬಂದ ನಾಯಿಯ ಉಗುರು ತಾನಾಗಿಯೇ ಸವೆದಿದ್ದಿರಬೇಕು. ಸ್ವರ್ಗದ ಬಾಗಿಲಲ್ಲಿ ನಿಂತು ತ್ಯಾಗ ಮಾಡಿದ ಧರ್ಮರಾಯನಿಗೆ ಕಪ್ಪು ಉಗುರಿನ ಮುಂದೆ ಕತ್ತರಿ ಹಿಡಿದು ಕೂರುವ ಸಂದರ್ಭ ಬರಲಿಲ್ಲ.

ರಕ್ತ ಬಂದ ದಿನ ರಾತ್ರಿ ನಾಯಿ ಎಂದಿನಂತೆ ಬಂದು ಕಾಲ ಬಳಿ ಮಲಗಿದರೆ "ಕ್ಷಮಿಸಿಬಿಟ್ಟಿದೆ" ಎಂದು ಕಣ್ಣೊರೆಸಿಕೊಳ್ಳುವವರಿದ್ದಾರೆ. ನಾಯಿಯ ಮುಖ ಓದುವುದರಲ್ಲಿ ನಮ್ಮ ಪಾಂಡಿತ್ಯ ಅಷ್ಟಕ್ಕಷ್ಟೆ. 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿಜ್ಞಾನಿ ನಾಯಿಗಳ 'ತಪ್ಪಿತಸ್ಥ ಮುಖ'ವನ್ನು ಪರೀಕ್ಷಿಸಿದಾಗ ಕಂಡದ್ದು, ಆ ಮುಖ ಬರುವುದು ತಪ್ಪು ಮಾಡಿದ್ದಕ್ಕಲ್ಲ, ಒಡೆಯರು ಗದರಿದ್ದಕ್ಕೆ ಎಂದು. ತಪ್ಪೇ ಮಾಡದೆ ಬೈಸಿಕೊಂಡ ನಾಯಿಯೂ ಹಾಗೆಯೇ ತಲೆ ತಗ್ಗಿಸಿತ್ತು. ಹಾಗಿದ್ದ ಮೇಲೆ ಕಾಲ ಬಳಿ ಬಂದು ಮಲಗುವುದು ಕ್ಷಮೆಯೋ, ಅಭ್ಯಾಸವೋ, ಆ ಜಾಗ ಬೆಚ್ಚಗಿರುವುದೋ ಎಂಬ ವಿಷಯಕ್ಕೆ ಬರುವುದೆಂದು ಹೊರಟದ್ದು ನಿಜ. ಅಷ್ಟರಲ್ಲಿ ಡ್ರಾಯರ್ ಎಳೆದ ಸದ್ದಾಯಿತು. ಹದಿನೇಳು ಆಗಿವೆ, ಎಡಗಾಲಿನ ಮೇಲುಗುರು ಬಾಕಿ, ನಾಯಿ ಮಂಚದಡಿಯ ಮೂಲೆಯಲ್ಲಿದೆ. ಬಾಲದ ತುದಿ ಮಾತ್ರ ಹೊರಗೆ.