ತುಪ್ಪ ರೊಟ್ಟಿಯ ತಹಸೀಲ್ದಾರರು

ಕೊಪ್ಪಳದ ಕಡೆ ಕನ್ಯಾ ನೋಡಲು ಹೋದ ಹುಡುಗ "ಮಕ್ಕಳ ಪುಸ್ತಕ ಬರೀತೀನ್ರಿ" ಅಂದರೆ, ಹುಡುಗಿಯ ಸೋದರಮಾವನ ಮುಂದಿನ ಪ್ರಶ್ನೆ ಗ್ಯಾರಂಟಿ: "ಅದಿರ್ಲಿ ಬಿಡ್ರಿ, ಮತ್ತ ನೌಕರಿ ಏನೈತಿ?"

ಮಾವನನ್ನು ಬೈಯುವ ಹಾಗಿಲ್ಲ. ಕನ್ನಡದಲ್ಲಿ ಮಕ್ಕಳಿಗೆ ಬರೆದ ದೊಡ್ಡವರು ಎಷ್ಟೋ ಜನ ಹೊಟ್ಟೆಗೆ ಬೇರೆ ದಾರಿ ನೋಡಿಕೊಂಡವರೇ. ಪಂಜೆ ಮಂಗೇಶರಾಯರು ಮೇಷ್ಟ್ರು. ಜಿ.ಪಿ. ರಾಜರತ್ನಂ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದರು. ಕುಡುಕ ರತ್ನನಿಗೆ ಪದ ಕಟ್ಟಿಕೊಟ್ಟ ಕೈಯೇ ನಾಯಿಮರಿಗೂ ಹಾಡು ಬರೆಯಿತು ಅನ್ನುವುದು ನೆನಪಾದಾಗಲೆಲ್ಲ ನನಗೆ ನಗು ಬರುತ್ತದೆ.

ನಮ್ಮ ಸೀಮೆಯ ಸಿದ್ದಯ್ಯ ಪುರಾಣಿಕರಂತೂ ತಹಸೀಲ್ದಾರರು! ಹುಟ್ಟಿದ್ದು 1918ರಲ್ಲಿ, ದ್ಯಾಂಪುರದಲ್ಲಿ. ಆಗ ಅದು ನಿಜಾಮರ ರಾಜ್ಯ. ಆಮೇಲೆ ರಾಯಚೂರು ಜಿಲ್ಲೆ, 1997ರಿಂದ ಕೊಪ್ಪಳ ಜಿಲ್ಲೆ. ಅವರು ಹುಟ್ಟಿದ ವರ್ಷವೇ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯಿತು. ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಇವರು ಓದಿದ್ದೂ ಅಲ್ಲೇ. ಕಚೇರಿಯ ಕಾಗದವೂ ಉರ್ದುವೇ. ನಿಜಾಮ ಸರ್ಕಾರದ ನೌಕರಿಗೆ ಸೇರಿ, ರಾಜ್ಯ ಒಂದಾದ ಮೇಲೆ ಐಎಎಸ್ ಅಧಿಕಾರಿಯಾದರು. 'ಕಾವ್ಯಾನಂದ' ಅನ್ನುವ ಹೆಸರಿನಲ್ಲಿ ಕವಿತೆ ಬರೆದರು, ವಚನವನ್ನೂ ಬರೆದರು. 1987ರ ಕಲಬುರಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಇಷ್ಟೆಲ್ಲ ಆದ ಮನುಷ್ಯ ಮಕ್ಕಳಿಗೆ ಬರೆದ ಒಂದು ಪುಸ್ತಕದ ಹೆಸರು 'ತುಪ್ಪಾ ರೊಟ್ಟಿ ಗೇ ಗೇ ಗೇ'.

ನನಗೆ ಇದು ಭಾರಿ ಇಷ್ಟ. ಹಗಲೆಲ್ಲ ಪಹಣಿ, ಜಮಾಬಂದಿ, ಬದುವಿನ ತಕರಾರು. ಎದುರಿಗೆ ಕೈಕಟ್ಟಿ ನಿಂತ ರೈತರು. ಅಂಥ ಕೆಲಸ ಮಾಡಿ ಬಂದವರ ಬಾಯಲ್ಲಿ ಗೇ ಗೇ ಗೇ! ಯಾವ ಗುಮಾಸ್ತ ತಾನೇ ಅದರ ಮೇಲೆ ಷರಾ ಬರೆದಾನು? ಕಡತ ನೋಡಿ ನೋಡಿ ಬೇಸತ್ತವರಿಗೇ ಇಂಥ ಸಾಲು ಹೊಳೆಯುತ್ತದೇನೋ ಅಂತ ನನ್ನ ಗುಮಾನಿ. ಬರೀ ಸಾಹಿತಿಯಾಗಿದ್ದರೆ ಆ ಮೂರು 'ಗೇ'ಗಳನ್ನು ಹೊಡೆದುಹಾಕಿ ಒಂದು ನೀತಿ ಸೇರಿಸುತ್ತಿದ್ದರೋ ಏನೋ.

ನೀತಿ ಅವರೂ ಬರೆದಿದ್ದಾರೆ ಅನ್ನಿ. 'ಮೊದಲು ಮಾನವನಾಗು' ಅವರದೇ. ಶಾಲೆಯ ಗೋಡೆ ಮೇಲೆ ನೀಲಿ ಬಣ್ಣದಲ್ಲಿ ಕಾಣುತ್ತದೆ, ಅದರ ಪಕ್ಕದಲ್ಲೇ ಕುಡಿಯುವ ನೀರಿನ ನಲ್ಲಿ. ಒಳ್ಳೆಯ ಮಾತೇ. ಆದರೆ ಅದರ ಕೆಳಗೆ ನಿಂತ ಹುಡುಗರು ಬಾಟಲಿ ತುಂಬಿಸಿಕೊಳ್ಳಲು ಒಬ್ಬರನ್ನೊಬ್ಬರು ನೂಕುತ್ತಿರುತ್ತಾರೆ. ನನ್ನ ಓಟು ತುಪ್ಪ ರೊಟ್ಟಿಗೇ.

ರೊಟ್ಟಿ ಅಂದರೆ ನಮ್ಮಲ್ಲಿ ಗವಿಮಠದ ಜಾತ್ರೆ. ಜನವರಿ ಹೊತ್ತಿಗೆ ಹಳ್ಳಿ ಹಳ್ಳಿಯಿಂದ ದಾಸೋಹಕ್ಕೆ ಜೋಳದ ರೊಟ್ಟಿ ಬಂಡಿ, ಟ್ರ್ಯಾಕ್ಟರುಗಳಲ್ಲಿ ಬರುತ್ತದೆ. ಆ ಗದ್ದಲದಲ್ಲೇ ಒಂದು ಪುಸ್ತಕದ ಅಂಗಡಿ. ಹದಿನಾರು ಪುಟದ ಮಕ್ಕಳ ಪುಸ್ತಕಗಳು. ಪಿನ್ನು ತುಕ್ಕು ಹಿಡಿದು ನಡುವೆ ಕಂದು ಕಲೆ. ಮುಖಪುಟದಲ್ಲಿ ಬಣ್ಣ ಒಂಚೂರು ಸರಿದು ಗಿಳಿಗೆ ಎರಡು ಕೊಕ್ಕು. ಮಿರ್ಚಿ ತಿಂದ ಕೈಯಲ್ಲಿ ಹುಡುಗನೊಬ್ಬ ಪುಟ ತಿರುವುತ್ತಾನೆ. "ಏ ತಮ್ಮಾ, ಎಣ್ಣಿ ಕೈ ಹಚ್ಚಬ್ಯಾಡೋ" ಅಂತ ಅಂಗಡಿಯವ ಕೂಗುವಷ್ಟರಲ್ಲಿ ಗಿಳಿಯ ರೆಕ್ಕೆಯ ಮೇಲೆ ಹೆಬ್ಬೆಟ್ಟು ಒತ್ತಿಯಾಗಿರುತ್ತದೆ. ಅವನ ಅಪ್ಪ ಚೌಕಾಸಿ ಮಾಡಿ ಮಗ್ಗಿ ಪುಸ್ತಕ ಕೊಳ್ಳುತ್ತಾನೆ. ಗಿಳಿ ಅಲ್ಲೇ ಉಳಿಯುತ್ತದೆ.

ಆ ಗಿಳಿಯಂಥವನ್ನು ಬರೆಯುವವರಲ್ಲಿ ಒಬ್ಬರು ನನಗೆ ಪರಿಚಯ. ಗಂಗಾವತಿ ಕಡೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ಬರೆದದ್ದನ್ನು ಮೊದಲು ಎರಡನೇ ತರಗತಿಯಲ್ಲಿ ಓದುತ್ತಾರೆ. ಯಾವ ಸಾಲಿಗೆ ಮಕ್ಕಳು ಕಿಟಕಿ ಕಡೆ ನೋಡುತ್ತಾರೋ ಆ ಸಾಲಿಗೆ ಪೆನ್ಸಿಲ್ಲಿನಿಂದ ಗೀಟು. ಇಂಥ ನಿರ್ದಯಿ ವಿಮರ್ಶಕರು ನವ್ಯರಲ್ಲೂ ಇರಲಿಲ್ಲ ಬಿಡಿ. ಉಳಿದ ಸಾಲುಗಳನ್ನು ಸ್ವಂತ ಖರ್ಚಿನಲ್ಲಿ ಗದಗಿನಲ್ಲಿ ಅಚ್ಚು ಹಾಕಿಸುತ್ತಾರೆ. ಗಂಟು ಬಂದು ಮಂಚದ ಕೆಳಗೆ, ಜೋಳದ ಚೀಲದ ಪಕ್ಕ ಕೂರುತ್ತದೆ. "ಜ್ವಾಳ ಖಾಲಿ ಆಗ್ತಾವ, ಇವು ಆಗಂಗಿಲ್ಲ ನೋಡ್ರಿ" ಅಂತ ಅವರ ಮನೆಯವರು ಚಹಾ ಕೊಡುತ್ತಾ ಹೇಳಿದರು. ಮೇಷ್ಟ್ರು ಸುಮ್ನೆ ಬಸಿಯಲ್ಲಿ ಚಹಾ ಆರಿಸುತ್ತಾ ಕೂತಿದ್ದರು.

ಒಮ್ಮೆ ಅವರು ತರಗತಿಯಲ್ಲಿ ತಮ್ಮದೇ ಪದ್ಯ ಓದಿಸಿದರಂತೆ. ಮುಗಿದ ಮೇಲೆ ಒಬ್ಬಳು ಕೈ ಎತ್ತಿ, "ಸರ, ಈ ಕವಿ ಯಾವಾಗ ಸತ್ತಾರ್ರೀ?" ಅಂದಳು. ಅವಳ ತಪ್ಪೇನಿಲ್ಲ. ಪಠ್ಯಪುಸ್ತಕದ ಕವಿಗಳಿಗೆ ಹೆಸರಿನ ಪಕ್ಕ ಎರಡು ಇಸವಿ ಇರುವುದೇ ಜಾಸ್ತಿ ಅಲ್ವಾ?

"ಸತ್ತಿಲ್ಲವ್ವ, ನಾನs ಬರದದ್ದು" ಅಂದರು ಮೇಷ್ಟ್ರು.

"ಸುಳ್ಳ ಹೇಳಬ್ಯಾಡ್ರಿ ಸರ. ಹಂಗಾರ ನಿಮ್ಮ ಫೋಟೋ ಯಾಕಿಲ್ರೀ?"

ಹೆಸರು ತೋರಿಸಿದರು. ಆ ಹೆಸರಿನವರು ಊರಲ್ಲೇ ಇನ್ನೂ ಇಬ್ಬರಿದ್ದಾರೆ ಅಂದಳಂತೆ. ಮುಂದಿನ ಪುಸ್ತಕಕ್ಕೆ ಈಗ ಫೋಟೋ ತೆಗೆಸಿದ್ದಾರೆ, ತಮ್ಮನ ಮದುವೆ ಕೋಟು ಹಾಕಿಕೊಂಡು. ಕೋಟು ಬಿಗಿಯಾಗಿ ಉಸಿರು ಹಿಡಿದಿದ್ದಾರೆ, ಆದರೂ ಜೀವಂತ ಇದ್ದಾರೆ ಅಂತ ಯಾರಿಗಾದರೂ ಗೊತ್ತಾಗುತ್ತದೆ.